ಓಡದ ಗಾಡಿಯ ಆಯಿಲ್

ಇಂಥ ಅನುಭವಗಳನ್ನು ಬೇರೆಯವರು ಬರೆದಾಗ ಓದಿ ನಗುತ್ತಿದ್ದವಳು ನಾನು. ಬರೆದವರು ಆ ಹೊತ್ತಿನಲ್ಲಿ ಏನು ತಿಂದಿದ್ದರು, ಎಷ್ಟು ನಿದ್ದೆಗೆಟ್ಟಿದ್ದರು ಎಂದು ಮೊದಲು ವಿಚಾರಿಸಬೇಕು ಎನ್ನುತ್ತಿದ್ದೆ. ಹೈಸ್ಕೂಲಿನಲ್ಲಿ ವರ್ಷಗಟ್ಟಲೆ ವಿಜ್ಞಾನ ಪಾಠ ಮಾಡಿದವಳಿಗೆ ಅಷ್ಟು ಗರ್ವ ಇದ್ದೇ ಇರುತ್ತದೆ. ದೆವ್ವ ನೋಡಿದೆ ಮಿಸ್ ಎಂದು ಓಡಿಬಂದ ಮಕ್ಕಳಿಗೆ ಬೆಳಕು, ನೆರಳು, ಕಣ್ಣಿನ ಪಾಪೆ ಎಂದೆಲ್ಲ ಬೋರ್ಡಿನ ಮೇಲೆ ಚಿತ್ರ ಬರೆದು ತೋರಿಸಿ ಕಳಿಸುತ್ತಿದ್ದೆ. ಈಗ ನನ್ನ ಸರದಿ ಬಂದಿದೆ. ನಗುವುದಾದರೆ ಧಾರಾಳವಾಗಿ ನಗಿ. ನಾನು ನಿದ್ದೆಗೆಟ್ಟಿದ್ದೆ, ಊಟವನ್ನೂ ಸರಿಯಾಗಿ ಮಾಡಿರಲಿಲ್ಲ. ಅದನ್ನು ನೀವು ಕಂಡುಹಿಡಿಯುವ ಮೊದಲೇ ನಾನೇ ಹೇಳಿಬಿಡುತ್ತೇನೆ.

ನಮ್ಮ ಮನೆ ಚಾಮರಾಜಪೇಟೆಯಲ್ಲಿ. ಇವರು, ಅಂದರೆ ನಮ್ಮ ಯಜಮಾನರು, ಸರ್ಕಾರಿ ಕಾರ್ಖಾನೆಯೊಂದರಲ್ಲಿ ಯಂತ್ರಗಳ ರಿಪೇರಿ ವಿಭಾಗದಲ್ಲಿದ್ದು ನಿವೃತ್ತರಾದವರು. ನಮಗೆ ಮಕ್ಕಳಿಲ್ಲ. ಇವರ ವಯಸ್ಸಿನವರು ನಿವೃತ್ತಿಯಾದ ಮೇಲೆ ಲಾಲ್‌ಬಾಗಿನಲ್ಲಿ ವಾಕಿಂಗ್, ಗಾಂಧಿಬಜಾರಿನಲ್ಲಿ ದೋಸೆ ಎಂದು ಕಾಲ ಕಳೆಯುತ್ತಿದ್ದರೆ, ಇವರು ಯಾವುದೋ ಶಾಲೆಯವರು ಮಾರಲು ಇಟ್ಟಿದ್ದ ಹಳೆಯ ಮಿನಿಬಸ್ಸನ್ನು ತಂದು ನಮ್ಮ ಕಾಂಪೌಂಡಿನೊಳಗೆ ನಿಲ್ಲಿಸಿದರು. ಸೀಟುಗಳನ್ನೆಲ್ಲ ಕಿತ್ತರು. ಮಂಚ ಕೂರಿಸಿದರು, ಗ್ಯಾಸ್ ಒಲೆಗೊಂದು ಕಟ್ಟೆ, ಅದರ ಪಕ್ಕ ಅಂಗೈಯಗಲದ ಸಿಂಕು, ಮೇಲೆ ನೀರಿನ ಟ್ಯಾಂಕು. ಅದನ್ನು ಅವರು ಮೋಟರ್ ಹೋಮ್ ಎಂದು ಕರೆಯುತ್ತಿದ್ದರು. ನಾನು ಡಬ್ಬ ಎನ್ನುತ್ತಿದ್ದೆ. ಡಬ್ಬದಲ್ಲಿ ನಾವು ಹೆಚ್ಚೇನೂ ಸುತ್ತಲಿಲ್ಲ. ಮೇಲುಕೋಟೆಗೆ ಒಮ್ಮೆ, ಶಿವನಸಮುದ್ರಕ್ಕೆ ಒಮ್ಮೆ, ಹಂಪಿಗೆ ಒಮ್ಮೆ. ಹಂಪಿಯಲ್ಲಿ ಅದರೊಳಗೆ ಮಲಗಿ ಸೊಳ್ಳೆ ಕಚ್ಚಿಸಿಕೊಂಡು ಬಂದ ಮೇಲೆ ನಾನು ಮತ್ತೆ ಹತ್ತುವುದಿಲ್ಲ ಎಂದು ಶಪಥ ಮಾಡಿದ್ದೆ.

ಇವರಿಗೆ ಧನುಷ್ಕೋಡಿಯ ಹುಚ್ಚು. ಎರಡೂ ಕಡೆ ಸಮುದ್ರ, ನಡುವೆ ನೇರವಾಗಿ ಹೋಗುವ ರಸ್ತೆ, ಆ ರಸ್ತೆ ಒಂದು ಕಡೆ ಸುಮ್ಮನೆ ಮುಗಿದುಹೋಗುತ್ತದಂತೆ. ಮೊಬೈಲಿನಲ್ಲಿ ಅದರ ವಿಡಿಯೋಗಳನ್ನು ನೋಡಿ ನೋಡಿ ನನಗೂ ಬಾಯಿಪಾಠವಾಗಿತ್ತು. ಹೋಗೋಣ, ಚಳಿ ಕಳೆಯಲಿ, ಮಳೆ ಕಳೆಯಲಿ, ಹಬ್ಬ ಮುಗಿಯಲಿ ಎಂದು ಮುಂದೆ ಹಾಕುತ್ತ ಬಂದೆವು. ಅಷ್ಟರಲ್ಲಿ ಇವರಿಗೆ ಹೊಟ್ಟೆನೋವು ಶುರುವಾಯಿತು. ಗ್ಯಾಸ್ಟ್ರಿಕ್ ಎಂದುಕೊಂಡು ಜೀರಿಗೆ ಕಷಾಯ ಕುಡಿಸುತ್ತ ಕೂತೆ. ಅದು ಕ್ಯಾನ್ಸರ್ ಎಂದು ಗೊತ್ತಾಗುವ ಹೊತ್ತಿಗೆ ಲಿವರಿಗೂ ಹಬ್ಬಿತ್ತು.

ಡಾಕ್ಟರು ಇವರ ಎದುರಿಗೆ ಧೈರ್ಯದ ಮಾತಾಡಿ ನನ್ನನ್ನು ಹೊರಗೆ ಕರೆದರು. “ಟ್ರೀಟ್‌ಮೆಂಟ್ ಕೊಡ್ತೀವಮ್ಮ, ಆದ್ರೆ ವರ್ಷದ ಲೆಕ್ಕ ಎಲ್ಲಾ ಇಟ್ಕೋಬೇಡಿ,” ಅಂದರು. ಎಲ್ಲಿಗಾದರೂ ಕರೆದುಕೊಂಡು ಹೋಗಬಹುದೇ ಎಂದು ಕೇಳಿದೆ. ಹೋಗುವುದಾದರೆ ಮುಂದಿನ ಕೀಮೋ ಇಂಜೆಕ್ಷನ್ನಿಗೆ ಮೊದಲೇ ಹೋಗಿ ಬನ್ನಿ, ಆಮೇಲೆ ಆಗಲಿಕ್ಕಿಲ್ಲ ಎಂದರು. ಮನೆಗೆ ಬಂದು ಡಬ್ಬದಲ್ಲಿ ಧನುಷ್ಕೋಡಿಗೆ ಹೋಗೋಣ ಎಂದು ನಾನೇ ಹೇಳಿದೆ. ಇವರು ನನ್ನ ಮುಖ ನೋಡಿದರು. ಶಪಥ ಮಾಡಿದ ಹೆಂಗಸು ತಾನಾಗಿ ಹೀಗೆ ಹೇಳಿದರೆ ಅದರ ಅರ್ಥವೇನು ಎಂದು ಅವರಿಗೆ ತಿಳಿಯದೇ ಇರುತ್ತದೆಯೇ? “ಹಾಗಾದ್ರೆ ಮೊದ್ಲು ಆಯಿಲ್ ಚೇಂಜ್ ಮಾಡಿಸ್ಬೇಕು,” ಎಂದರು ಅಷ್ಟೇ.

ಆಯಿಲ್ ಎಂದರೆ ಇವರಿಗೆ ತಮಾಷೆಯ ಮಾತಲ್ಲ. ನಮ್ಮ ಮದುವೆಗೆ ಸೀರೆ ಆರಿಸಲು ಚಿಕ್ಕಪೇಟೆಗೆ ಬಂದಿದ್ದಾಗ ಅಂಗಡಿಯ ಮೂಲೆಯಲ್ಲಿ ತೂಕಡಿಸಿದ ಮನುಷ್ಯ, ಇಂಜಿನ್ ಆಯಿಲ್ ಕೊಳ್ಳಲು ಜೆ.ಸಿ. ರಸ್ತೆಯಲ್ಲಿ ಅರ್ಧ ದಿನ ಅಲೆಯುತ್ತಿದ್ದರು. ಗಾಡಿ ಓಡಿದರೆ ಮಾತ್ರ ಆಯಿಲ್ ಕೆಡುತ್ತದೆ ಎಂದು ನಾನು ತಿಳಿದಿದ್ದೆ. ನಿಂತ ಗಾಡಿಯಲ್ಲಿ ಇನ್ನೂ ಬೇಗ ಕೆಡುತ್ತದೆ, ತೇವ ಸೇರಿಕೊಳ್ಳುತ್ತದೆ, ಹುಳಿಯಾಗುತ್ತದೆ ಎಂದು ಅವರು ನನಗೆ ಪಾಠ ಹೇಳುತ್ತಿದ್ದರು. ಮನೆಯನ್ನೇ ಬೆನ್ನ ಮೇಲೆ ಹೊತ್ತು ಓಡುವ ಗಾಡಿ, ಇಂಜಿನ್ನಿಗೆ ಭಾರ ಜಾಸ್ತಿ, ಕಂಡಕಂಡ ಆಯಿಲ್ ಹಾಕುವಂತಿಲ್ಲ ಎನ್ನುತ್ತಿದ್ದರು.

ಆ ಸಲವೂ ತಾವೇ ಬರುತ್ತೇನೆಂದು ಹಟ ಹಿಡಿದರು. ಬಿಸಿಲಿನಲ್ಲಿ ಮಂಕಿಕ್ಯಾಪ್ ಹಾಕಿಸಿ ಆಟೋದಲ್ಲಿ ಕೂರಿಸಿಕೊಂಡು ಹೋದೆ. ಅಂಗಡಿಯವನು ಮೂರು ತರಹದ ಕ್ಯಾನುಗಳನ್ನು ಮುಂದಿಟ್ಟ. ಎಲ್ಲವೂ ಡೀಸೆಲ್ ಗಾಡಿಯವೇ, ಎಲ್ಲದರ ಮಂದವೂ ಒಂದೇ, ಬಾಳಿಕೆ ಮಾತ್ರ ಬೇರೆ ಬೇರೆ. ಕಡಿಮೆಯದು ನಾಲ್ಕೈದು ತಿಂಗಳು, ನಡುವಿನದು ಅದಕ್ಕಿಂತ ಹೆಚ್ಚು, ಕೊನೆಯದು ವರ್ಷಪೂರ್ತಿ. ನಮ್ಮ ರಸ್ತೆ ತುದಿಯ ಗ್ಯಾರೇಜಿನ ನಯಾಜ್ ಕಡಿಮೆಯದೇ ಸಾಕು, ಹಳೆಯ ಇಂಜಿನ್ನಿಗೆ ಜಂಬ ಯಾಕೆ ಎಂದು ಮೊದಲೇ ಹೇಳಿದ್ದ. ಇವರು ಕನ್ನಡಕ ಏರಿಸಿ ಕ್ಯಾನುಗಳ ಹಿಂದಿನ ಸಣ್ಣಕ್ಷರಗಳನ್ನೆಲ್ಲ ಓದಿದರು. ಡೂಪ್ಲಿಕೇಟ್ ಇರಬಹುದೆಂದು ಮುಚ್ಚಳದ ಸೀಲನ್ನು ಉಗುರಿನಿಂದ ಕೆರೆದು ನೋಡಿದರು. ಕೊನೆಗೆ ವರ್ಷದ್ದರ ಮೇಲೆ ಕೈಯಿಟ್ಟು, “ಇದೇ ಕೊಡಿ, ಒಂದ್ ವರ್ಷ ಯೋಚ್ನೆ ಇರಲ್ಲ,” ಎಂದರು.

ನನಗೆ ಎಲ್ಲಿಲ್ಲದ ಸಿಟ್ಟು ಬಂತು. ಧನುಷ್ಕೋಡಿಗೆ ಹೋಗಿ ಬರಲು ವರ್ಷದ ಆಯಿಲ್ ಏಕೆ? ಉಳಿದದ್ದನ್ನು ನಾನು ಏನು ಮಾಡಲಿ? ಅಂಗಡಿಯ ಮೆಟ್ಟಿಲಿಳಿದು ರಸ್ತೆಯಲ್ಲಿ ನಿಂತೆ. ಹೊಗೆ ಉಗುಳುತ್ತ ಬಸ್ಸುಗಳು ಹೋಗುತ್ತಿದ್ದವು. ಅಲ್ಲೇ ಸೆರಗಿನಿಂದ ಕಣ್ಣೊರೆಸಿಕೊಂಡೆ. ಹಿಂದೆ ಬಂದ ಇವರು ಹೊಗೆ ಜಾಸ್ತಿ ಇದೆ, ಆಟೋ ಹಿಡಿ ಎಂದರು.

ಭಾನುವಾರ ಊಟವಾದ ಮೇಲೆ ನಯಾಜ್ ಬಂದ. ನಲವತ್ತು ದಾಟಿದ ಮನುಷ್ಯ, ಕೈಗಿಂತ ಬಾಯಿ ಜಾಸ್ತಿ ಓಡುತ್ತದೆ. ಧನುಷ್ಕೋಡಿಗೆ ಗಾಡಿ ಓಡಿಸಿಕೊಂಡು ಬರಲು ಅವನೇ ಒಪ್ಪಿದ್ದ. ಅವನು ಓಡಿಸುವುದು, ಇವರು ಪಕ್ಕದಲ್ಲಿ ಕೂತು ಬೈಯುವುದು, ನಾನು ಹಿಂದೆ ಅನ್ನ ಸಾರು ಮಾಡುವುದು ಎಂದು ಮಾತಾಗಿತ್ತು. ಬುಧವಾರ ಬೆಳಿಗ್ಗೆ ಹೊರಡುವುದಿತ್ತು. ಆಯಿಲ್ ಇಳಿಸುವ ಕೆಲಸ ಅರ್ಧ ಗಂಟೆಯಲ್ಲಿ ಮುಗಿಯಬೇಕಾದದ್ದು. ಆದರೆ ಇಂಜಿನ್ನಿನ ಅಡಿಯ ಬೋಲ್ಟು ಕಚ್ಚಿಕೊಂಡುಬಿಟ್ಟಿತ್ತು. ನಯಾಜ್ ಗಾಡಿಯ ಕೆಳಗೆ ಮಲಗಿ ಅದರ ಜೊತೆ ಗುದ್ದಾಡಿದ. ಇವರು ವರಾಂಡದ ಕುರ್ಚಿಯಲ್ಲಿ ಶಾಲು ಹೊದ್ದು ಕೂತು, ಎಡಕ್ಕೆ, ಮೆಲ್ಲಗೆ, ಬೋಲ್ಟಿನ ತಲೆ ಹಾರಿಸ್ಬೇಡ ಎಂದು ಅಲ್ಲಿಂದಲೇ ಕೂಗುತ್ತಿದ್ದರು. ಎಷ್ಟೋ ದಿನಗಳ ನಂತರ ಆ ದನಿ ಕೇಳಿ ನನಗೆ ಸಂತೋಷವಾಯಿತು.

ಕೊನೆಗೂ ಬೋಲ್ಟು ಸಡಿಲಿ ಹಳೆಯ ಆಯಿಲ್ ಬಾಂಡ್ಲಿಗೆ ಇಳಿಯಿತು. ಕಾಡಿಗೆಯಂತೆ ಕಪ್ಪಗಿತ್ತು. ತೊಟ್ಟಿಕ್ಕುವುದು ನಿಲ್ಲುವವರೆಗೂ ಕಾದು, ಫಿಲ್ಟರ್ ಬದಲಿಸಿ, ನಯಾಜ್ ಹೊಸದನ್ನು ಸುರಿದ. ಅದು ಜೇನುತುಪ್ಪದ ಬಣ್ಣ. ಇವರು ನನ್ನ ಭುಜ ಹಿಡಿದು ಎದ್ದು ಬಂದು ತಾವೇ ಆಯಿಲ್ ಕಡ್ಡಿ ಎಳೆದರು. ಇಂಜಿನ್ನಿನಲ್ಲಿ ಆಯಿಲ್ ಎಷ್ಟಿದೆ ಎಂದು ನೋಡಲು ಇರುವ ಉದ್ದನೆಯ ಕಡ್ಡಿ ಅದು. ತುದಿಯಲ್ಲಿ ಹೊಸ ಆಯಿಲ್ ಪಾರದರ್ಶಕವಾಗಿ ಹೊಳೆಯುತ್ತಿತ್ತು. ಎರಡು ಬೆರಳ ನಡುವೆ ಉಜ್ಜಿ, ಮೂಸಿ, ನನ್ನ ಮೂಗಿನ ಹತ್ತಿರವೂ ಹಿಡಿದರು. ಮೇಲಿನ ಗೆರೆಗಿಂತ ತುಸು ಹೆಚ್ಚಿತ್ತು. ಇಂಜಿನ್ ಒಮ್ಮೆ ಓಡಿದರೆ ಫಿಲ್ಟರ್ ತನ್ನ ಪಾಲು ಕುಡಿಯುತ್ತದೆ, ಆಗ ಗೆರೆಗೆ ಸರಿಯಾಗುತ್ತದೆ ಎಂದು ವಿವರಿಸಿದರು. ಇದನ್ನು ಇಷ್ಟು ವಿವರವಾಗಿ ಏಕೆ ಹೇಳುತ್ತಿದ್ದೇನೆಂದರೆ, ಆ ಹೊತ್ತಿನಲ್ಲಿ ಆ ಆಯಿಲ್ ಹೇಗಿತ್ತು ಎಂಬುದಕ್ಕೆ ನಾನು, ನಯಾಜ್, ಇವರು ಮೂವರೂ ಸಾಕ್ಷಿ.

ನಯಾಜ್ ಕೀ ಹಿಡಿದು ಸೀಟು ಹತ್ತಲು ಹೋದ. ಇವರು ತಡೆದರು. “ಏಯ್, ಇಳಿ ಇಳಿ! ರಾಹುಕಾಲ ಬಂದ್ಬಿಡ್ತು. ಆರ್ ಗಂಟೆ ಆಗ್ಲಿ, ಆಮೇಲೆ ಸ್ಟಾರ್ಟ್ ಮಾಡು.”

ನೀವು ನಂಬಬೇಕು, ಈ ಮನುಷ್ಯ ದೇವಸ್ಥಾನಕ್ಕೆ ಹೋದವರಲ್ಲ, ಜಾತಕ ಬರೆಸಿದವರಲ್ಲ. ನಮ್ಮ ಮದುವೆಗೆ ಮುಹೂರ್ತ ಹೇಳಿದ ಪುರೋಹಿತರ ಜೊತೆ ವಾದಕ್ಕಿಳಿದಿದ್ದರು. ಆದರೆ ಯಂತ್ರದ ವಿಷಯಕ್ಕೆ ಬಂದರೆ ರಾಹುಕಾಲ ನೋಡದೆ ಸ್ವಿಚ್ಚು ಒತ್ತುತ್ತಿರಲಿಲ್ಲ. ಕಾರ್ಖಾನೆಯಲ್ಲಿ ರಿಪೇರಿಯಾದ ಯಾವುದೇ ಯಂತ್ರವನ್ನು ಅವರ ಗುಂಪಿನವರು ರಾಹುಕಾಲ ಕಳೆಯದೆ ಚಾಲೂ ಮಾಡುತ್ತಿರಲಿಲ್ಲವಂತೆ. ಸಾಹೇಬರಿಗೆ ಇನ್ನೂ ಟೆಸ್ಟಿಂಗ್ ನಡೀತಿದೆ ಎಂದು ಹೇಳಿ ಕಾಯುತ್ತಿದ್ದರಂತೆ. ಆ ಅಭ್ಯಾಸ ಮನೆಗೂ ಬಂದು ಮಿಕ್ಸಿ ರಿಪೇರಿಯಾದರೂ ಅದೇ ನಿಯಮ. ಎಷ್ಟು ಸಲ ನಾನು ಚಟ್ನಿಗೆ ತೆಂಗಿನಕಾಯಿ ತುರಿದಿಟ್ಟುಕೊಂಡು ಕಾದಿಲ್ಲ? ನಯಾಜನಿಗೂ ಇದು ಗೊತ್ತಿದ್ದದ್ದೇ. ಅವನು ನಗುತ್ತ ಕೀಯನ್ನು ನನ್ನ ಕೈಗಿತ್ತು ಕೈ ತೊಳೆಯಲು ಹೋದ. ನಾನು ಕಾಫಿಗೆ ನೀರಿಟ್ಟೆ.

ಕಾಫಿ ಸೋಸುವಷ್ಟರಲ್ಲಿ ನಯಾಜ್ ಕೂಗಿಕೊಂಡ. ಓಡಿಬಂದು ನೋಡಿದರೆ ಇವರು ಕುರ್ಚಿಯಿಂದ ಜಾರಿದ್ದರು. ಶಾಲಿನ ತುಂಬ ರಕ್ತ. ವಾಂತಿಯಾಗಿತ್ತು. ಆಂಬುಲೆನ್ಸ್ ಬಂತು. ಹತ್ತುವಾಗ ನಯಾಜ್ ನೀವು ಹೋಗಿ ಮೇಡಂ, ಬ್ಯಾಟರಿ ಬಿಚ್ಚಿ ಅಂಗಡೀಲಿ ಚಾರ್ಜಿಗೆ ಹಾಕಿರ್ತೀನಿ, ಬಂದ ಮೇಲೆ ನೋಡೋಣ ಎಂದ. ಹಾಗೇ ಮಾಡಿದ. ಗಾಡಿಯ ಕೀ ನನ್ನ ಬ್ಯಾಗಿನಲ್ಲೇ ಉಳಿಯಿತು. ಹೊಸ ಆಯಿಲ್ ಹಾಕಿದ ಇಂಜಿನ್ ಒಂದು ಕ್ಷಣವೂ ಓಡದೆ ಹಾಗೇ ನಿಂತಿತು.

ಆಸ್ಪತ್ರೆಯಲ್ಲಿ ಐಸಿಯುಗೆ ಹಾಕಿದರು. ಒಳಗೆ ಹೋಗಿ ನೋಡಲು ಹೊತ್ತು ಗೊತ್ತುಮಾಡಿದ್ದರು. ಔಷಧಿಯ ಮಂಪರಿನಲ್ಲಿ ಇವರಿಗೆ ದಿನ, ವಾರ ಯಾವುದೂ ತಿಳಿಯುತ್ತಿರಲಿಲ್ಲ. ಭಾನುವಾರ ಸಂಜೆಯಲ್ಲೇ ನಿಂತುಬಿಟ್ಟಿದ್ದರು. ನನ್ನನ್ನು ಕಂಡ ಕೂಡಲೇ ಕೇಳುತ್ತಿದ್ದದ್ದು ಒಂದೇ, “ರಾಹುಕಾಲ ಮುಗೀತೇನೇ?”

ಮೊದಲ ಸಲ ಏನೋ ಒಂದು ಹೇಳಬೇಕಲ್ಲ ಎಂದು, “ಇನ್ನೂ ಇಲ್ಲ ರೀ, ಸ್ವಲ್ಪ ತಾಳಿ,” ಎಂದೆ. ಸರಿ ಎಂದು ಕಣ್ಣು ಮುಚ್ಚಿದರು. ಮರುದಿನವೂ ಅದೇ ಪ್ರಶ್ನೆ, ಅದೇ ಉತ್ತರ. ಬುಧವಾರ ಬಂದು ಹೋಯಿತು. ಹೇಳುತ್ತ ಹೇಳುತ್ತ ನನ್ನಂಥವಳಿಗೂ ಒಂದು ಹುಚ್ಚು ನಂಬಿಕೆ ಅಂಟಿಕೊಂಡಿತು. ಕಾಯುತ್ತಿರುವವರೆಗೆ ಈ ಮನುಷ್ಯ ಎಲ್ಲಿಗೂ ಹೋಗುವುದಿಲ್ಲ, ನಾನು ಇನ್ನೂ ಇಲ್ಲ ಎನ್ನುತ್ತಿದ್ದರೆ ಸಾಕು ಎಂದು. ಇದನ್ನು ಬೇರೆ ಯಾರಾದರೂ ನನ್ನ ಮುಂದೆ ಹೇಳಿದ್ದರೆ ಅವರಿಗೆ ನೀರು ಕುಡಿಸಿ ಮಲಗಿಸುತ್ತಿದ್ದೆ.

ಒಂದು ಬೆಳಿಗ್ಗೆ ಹೋದಾಗ ಇವರ ತುಟಿ ಒಡೆದು ಕಪ್ಪಾಗಿತ್ತು. ಮೂಗಿನಲ್ಲಿ ನಳಿಗೆ, ಕುತ್ತಿಗೆಯಲ್ಲಿ ನಳಿಗೆ. ಕೈಗಳನ್ನು ಮಂಚಕ್ಕೆ ಬಟ್ಟೆಯಿಂದ ಕಟ್ಟಿದ್ದರು, ನಳಿಗೆ ಕಿತ್ತುಕೊಳ್ಳುತ್ತಾರೆಂದು. ಉಸಿರಿಗೊಮ್ಮೆ ನರಳುತ್ತಿದ್ದರು. ಬಗ್ಗಿ ಹಣೆ ಸವರಿದೆ. “ಎಷ್ಟ್ ಹೊತ್ತೇ ಇದು,” ಎಂದರು. ನನ್ನಿಂದ ತಡೆಯಲಾಗಲಿಲ್ಲ. “ಮುಗೀತು ರೀ. ರಾಹುಕಾಲ ಮುಗೀತು,” ಎಂದುಬಿಟ್ಟೆ. ಕಣ್ಣು ತೆರೆದು, “ಕೀ?” ಎಂದು ಕೇಳಿದರು. ನನ್ನ ಹತ್ತಿರವೇ ಇದೆ ಎಂದೆ. ಮುಖದಲ್ಲಿ ಏನೋ ಸಡಿಲವಾದಂತೆ ಕಂಡಿತು. ಅಷ್ಟರಲ್ಲಿ ನರ್ಸು ಹೊತ್ತಾಯಿತು ಎಂದು ಹೊರಗೆ ಕಳಿಸಿದಳು.

ಹೊರಗೆ ನನ್ನ ನಾದಿನಿ ಸುಮಾ ಕೂತಿದ್ದಳು. ಇವರ ಒಬ್ಬಳೇ ತಂಗಿ, ಹನುಮಂತನಗರದಲ್ಲಿರುವವಳು. “ಅತ್ತಿಗೆ, ನೀವು ಮನೆಗ್ ಹೋಗಿ ಸ್ನಾನ ಮಾಡ್ಕೊಂಡ್ ಬನ್ನಿ. ಹೀಗೇ ಕೂತಿದ್ರೆ ನೀವೂ ಬಿದ್ದೋಗ್ತೀರ. ನಾನಿರ್ತೀನಲ್ಲ,” ಎಂದು ಆಟೋ ಹತ್ತಿಸಿದಳು. ದಾರಿಯಲ್ಲಿ ಏನು ಯೋಚಿಸಿದೆನೋ ನೆನಪಿಲ್ಲ. ಮೋಡ ಕವಿದ ದಿನ, ಆಗೊಂದು ಈಗೊಂದು ಹನಿ ಬೀಳುತ್ತಿತ್ತು. ಮನೆ ತಲುಪಿದಾಗ ಮಧ್ಯಾಹ್ನವೂ ಆಗಿರಲಿಲ್ಲ.

ನಮ್ಮ ದೊಡ್ಡ ಗೇಟಿಗೆ ಅಡ್ಡವಾಗಿ ಪಕ್ಕದ ಮನೆಯ ಮೂರ್ತಿಗಳ ಕಾರು ನಿಂತಿತ್ತು. ಅವರು ಮನೆಮಂದಿಯೆಲ್ಲ ರೈಲಿನಲ್ಲಿ ತಿರುಪತಿಗೆ ಹೋಗಿದ್ದರು. ಹೋಗುವ ಮೊದಲು ಕಾರನ್ನು ಅಲ್ಲಿ ನಿಲ್ಲಿಸಲು ನನ್ನನ್ನೇ ಫೋನಿನಲ್ಲಿ ಕೇಳಿದ್ದರು. ಹೇಗೂ ಡಬ್ಬ ಹೊರಡುವಂತಿಲ್ಲ, ನಿಲ್ಲಿಸಿಕೊಳ್ಳಿ ಎಂದಿದ್ದೆ. ನಾನು ಪಕ್ಕದ ಚಿಕ್ಕ ಗೇಟಿನಿಂದ ಒಳಗೆ ಬಂದೆ. ಎರಡು ಹೆಜ್ಜೆ ಇಟ್ಟಿದ್ದೆನೋ ಇಲ್ಲವೋ, ವಾಸನೆ ಬಡಿಯಿತು. ದೂರದ ಊರಿಂದ ಆಗತಾನೇ ಬಂದು ನಿಂತ ಬಸ್ಸಿನ ಮೂತಿಯ ಹತ್ತಿರ ಬರುವ ವಾಸನೆ. ಬಿಸಿ ಕಬ್ಬಿಣ, ಡೀಸೆಲ್, ಬೆಂದ ಎಣ್ಣೆ.

ಆಮೇಲೆ ಸದ್ದು ಕೇಳಿಸಿತು. ಟಿಕ್. ಸ್ವಲ್ಪ ಬಿಟ್ಟು ಮತ್ತೆ ಟಿಕ್. ಕಾದ ಲೋಹ ತಣ್ಣಗಾಗುವಾಗ ಕುಗ್ಗುತ್ತದೆ, ಕುಗ್ಗುವಾಗ ಸದ್ದಾಗುತ್ತದೆ. ಇದನ್ನು ಎಂಟನೇ ತರಗತಿಗೆ ಎಷ್ಟೋ ವರ್ಷ ಹೇಳಿದ್ದೇನೆ. ಡಬ್ಬದ ಬಾನೆಟ್ಟಿನ ಮೇಲೆ ಕೈಯಿಟ್ಟೆ. ಬಿಸಿಯಾಗಿತ್ತು. ಬಿಸಿಲಿನ ಬಿಸಿ ಎನ್ನಲು ಬಿಸಿಲೇ ಇರಲಿಲ್ಲ, ಗಾಡಿ ನಿಂತ ಜಾಗಕ್ಕೆ ಪಕ್ಕದ ಮೂರಂತಸ್ತಿನ ಕಟ್ಟಡದ ನೆರಳು ಯಾವಾಗಲೂ ಇರುತ್ತದೆ. ಬಾನೆಟ್ಟಿನ ಮೇಲೆ ಬಿದ್ದ ಒಂದು ಹನಿ ನಾನು ನೋಡುತ್ತಿದ್ದ ಹಾಗೆಯೇ ಆರಿತು.

ನನಗೆ ಭಯವಾಗಲಿಲ್ಲ. ಸಿಟ್ಟು ಬಂತು. ನಯಾಜ್ ಬಂದು ನನ್ನನ್ನು ಕೇಳದೆ ಗಾಡಿ ಚಾಲೂ ಮಾಡಿದ್ದಾನೆ ಎಂದುಕೊಂಡೆ. ಆದರೆ ಕೀ ನನ್ನ ಬ್ಯಾಗಿನಲ್ಲಿತ್ತು. ಬಾಗಿಲು ತೆಗೆದು, ಒಳಗಿನ ಹಿಡಿಕೆ ಎಳೆದು, ಬಾನೆಟ್ ಎತ್ತಿದೆ. ಬ್ಯಾಟರಿ ಇರಬೇಕಾದ ಜಾಗ ಖಾಲಿ. ವೈರುಗಳ ತುದಿಗೆ ನಯಾಜ್ ಸುತ್ತಿದ್ದ ಪ್ಲಾಸ್ಟಿಕ್ಕು ಸುತ್ತಿದಂತೆಯೇ ಇತ್ತು. ಬಿಸಿ ಹಬೆ ಮುಖಕ್ಕೆ ಹೊಡೆಯಿತು. ಇವರು ಮಾಡುತ್ತಿದ್ದಂತೆ ಆಯಿಲ್ ಕಡ್ಡಿ ಎಳೆದೆ. ಕಪ್ಪು. ಬಾಂಡ್ಲಿಗೆ ಇಳಿದಿದ್ದ ಹಳೆಯ ಆಯಿಲಿಗಿಂತ ಕಪ್ಪು, ನೀರಿನಷ್ಟು ತೆಳ್ಳಗೆ. ಕಡ್ಡಿಯ ಉದ್ದಕ್ಕೂ ಹರಿದು ನನ್ನ ಬೆರಳಿಗೆ ತಾಗಿ ಚುರ್ರೆಂದಿತು. ಮೇಲಿನ ಗೆರೆಗಿಂತ ಹೆಚ್ಚಿದ್ದ ಆಯಿಲ್ ಕೆಳಗಿನ ಗೆರೆಯ ಹತ್ತಿರಕ್ಕೆ ಇಳಿದಿತ್ತು. ಫಿಲ್ಟರ್ ತನ್ನ ಪಾಲು ಕುಡಿದಿತ್ತು, ಅದರ ಮೇಲೆ ಇನ್ನಷ್ಟು ಸುಟ್ಟುಹೋಗಿತ್ತು. ಎಷ್ಟು ದೂರ ಓಡಿದೆ ಎಂದು ನೋಡೋಣವೆಂದರೆ ಡಬ್ಬದ ಮೀಟರು ಕೆಟ್ಟು ವರ್ಷವಾಗಿತ್ತು.

ಕಡ್ಡಿ ಕೈಯಲ್ಲಿರುವಾಗಲೇ ಫೋನು ಬಂತು. ಸುಮಾ. “ಅತ್ತಿಗೆ, ಬಂದ್ಬಿಡಿ,” ಎಂದಳು, ಅಷ್ಟೇ. ನಾನು ಹೋಗುವಷ್ಟರಲ್ಲಿ ಎಲ್ಲ ಮುಗಿದಿತ್ತು. ನೀವು ಹೋದ ಸ್ವಲ್ಪ ಹೊತ್ತಿಗೇ ಉಸಿರು ಜೋರಾಯಿತಂತೆ, ಆಮೇಲೆ ಇಳಿಯುತ್ತ ಇಳಿಯುತ್ತ ನಿಂತಿತಂತೆ ಎಂದು ಸುಮಾ ಅಳುತ್ತ ಹೇಳಿದಳು. ಕೈಗೆ ಕಟ್ಟಿದ್ದ ಬಟ್ಟೆಯನ್ನು ಯಾರೋ ಬಿಚ್ಚಿದ್ದರು. ಕಾಗದಗಳಿಗೆ ಸಹಿ ಮಾಡುವಾಗ ನರ್ಸು ನನ್ನ ಬೆರಳಿನ ಬೊಬ್ಬೆ ನೋಡಿ ಅಡುಗೆ ಮಾಡುವಾಗ ಸುಟ್ಟಿತೇ ಎಂದು ಕೇಳಿ ಮುಲಾಮು ಹಚ್ಚಿದಳು. ಹೂಂ ಎಂದೆ. ಸುಟ್ಟ ಕಲೆ ಆಮೇಲೆ ಮಾಸಿತು. ಆದರೆ ಅವತ್ತು ಆ ಬೊಬ್ಬೆಯನ್ನು ಆ ಹುಡುಗಿ ನೋಡಿದ್ದಾಳೆ. ಅಷ್ಟರಮಟ್ಟಿಗೆ ನಾನು ಕನಸು ಕಂಡದ್ದಲ್ಲ.

ವೈಕುಂಠ ಸಮಾರಾಧನೆ ಕಳೆದ ಮೇಲೆ ನಯಾಜನನ್ನು ಕರೆಸಿದೆ. ಏನೂ ಹೇಳದೆ ಆಯಿಲ್ ನೋಡಪ್ಪ ಎಂದೆ. ಕಡ್ಡಿ ಎಳೆದು ನೋಡಿದವನು ನನ್ನ ಮುಖ ನೋಡಿದ. “ಇದು ಚೆನ್ನಾಗ್ ಓಡಿರೋ ಆಯಿಲ್ ಮೇಡಂ. ಯಾರ್ ಓಡಿಸಿದ್ದು?” ಬ್ಯಾಟರಿ ಅವನ ಅಂಗಡಿಯಲ್ಲಿತ್ತು, ಕೀ ನನ್ನಲ್ಲಿತ್ತು, ಗೇಟಿಗೆ ಕಾರು ಅಡ್ಡ ಇತ್ತು. ಒಂದೊಂದಾಗಿ ಎಲ್ಲವನ್ನೂ ಮಾತಾಡಿದೆವು. ಹಳೆಯ ಆಯಿಲ್ ಸ್ವಲ್ಪ ಅಡಿಯಲ್ಲಿ ಉಳಿದಿರುತ್ತದೆ, ಅದೇ ಬೆರೆತು ಕಪ್ಪಾಗಿರಬೇಕು ಎಂದು ಕೊನೆಗೆ ಹೇಳಿದ. ನನ್ನನ್ನು ಸಮಾಧಾನ ಮಾಡಲು ಹೇಳಿದ್ದೋ ತನ್ನನ್ನು ಮಾಡಿಕೊಳ್ಳಲು ಹೇಳಿದ್ದೋ ತಿಳಿಯದು. ಅವತ್ತು ಇಂಜಿನ್ ಬಿಸಿಯಾಗಿದ್ದದ್ದನ್ನು ಹೇಳಿದಾಗ ಕಡ್ಡಿ ಒಳಗಿಟ್ಟು ಬಾನೆಟ್ ಮುಚ್ಚಿದ.

ಅವನ ಮಾತನ್ನೂ ನಾನು ಪರೀಕ್ಷೆ ಮಾಡಿ ನೋಡಿದೆ. ಕ್ಯಾನಿನಲ್ಲಿ ಉಳಿದಿದ್ದ ಹೊಸ ಆಯಿಲನ್ನು ಗಾಜಿನ ಲೋಟಕ್ಕೆ ಹಾಕಿ, ಮೇಲೆ ಬಾಂಡ್ಲಿಯಲ್ಲಿದ್ದ ಹಳೆಯ ಆಯಿಲನ್ನು ಒಂದಿಷ್ಟು ಬಿಟ್ಟು, ಅಡುಗೆಮನೆಯ ಕಿಟಕಿಯಲ್ಲಿ ಅಲುಗಿಸದೆ ಇಟ್ಟೆ. ಕಪ್ಪು ಎಳೆ ಎಳೆಯಾಗಿ ಇಳಿಬಿತ್ತು. ವಾರಗಳಾದರೂ ಪೂರ್ತಿ ಬೆರೆಯಲಿಲ್ಲ. ಕೆಲಸದವಳು ಇದೇನಮ್ಮ ಕಿಟಕೀಲಿ ಎಂದು ಕೇಳಿದಾಗ ಲೋಟ ಎತ್ತಿ ಚೆಲ್ಲಿದೆ.

ಸುಮಾಗೆ ಎಲ್ಲವನ್ನೂ ಹೇಳಿದೆ. ಅವಳು ನನ್ನ ಕೈ ಹಿಡಿದುಕೊಂಡು ಅತ್ತಳು, ಸಂತೋಷದಿಂದ. “ಅಣ್ಣ ಹೋಗ್ಬಂದ ಅತ್ತಿಗೆ. ಆಸೆ ಇಟ್ಕೊಂಡ್ ಹೋಗ್ಲಿಲ್ಲ.” ಅವಳು ಅದನ್ನು ಹತ್ತಾರು ಜನರಿಗೆ ಹೇಳಿದಳು, ಎಲ್ಲರೂ ಕೈ ಮುಗಿದರು. ನನಗೆ ಮಾತ್ರ ಅದರಿಂದ ಎಳ್ಳಷ್ಟೂ ನೆಮ್ಮದಿ ಸಿಗಲಿಲ್ಲ. ಧನುಷ್ಕೋಡಿಗೆ ಹೋಗುವುದೆಂದರೆ ಇಬ್ಬರೂ ಹೋಗುವುದು ಎಂದಿತ್ತು. ಇವರು ಹೋಗಿ ಬಂದಿದ್ದರೆ, ರಸ್ತೆ ಮುಗಿಯುವ ಆ ಜಾಗದಲ್ಲಿ ಒಬ್ಬರೇ ಇಳಿದು ನಿಂತಿದ್ದರೆ, ನಾನಿಲ್ಲದೆ ಅವರಿಗೆ ಅಲ್ಲಿ ಏನು ಕಂಡಿತು? ಹೋಗಿಲ್ಲದಿದ್ದರೆ ಕೈ ಕಟ್ಟಿಸಿಕೊಂಡು ಆ ಮಂಚದ ಮೇಲೇ ಮುಗಿದರು. ಎರಡರಲ್ಲಿ ಯಾವುದು ನಿಜವಾಗಿರಲಿ ಎಂದು ಬೇಡಿಕೊಳ್ಳಲಿ? ಅದಕ್ಕಿಂತ ಹೆಚ್ಚಾಗಿ, ಮುಗೀತು ಎಂದು ಹೇಳಿದವಳು ನಾನು. ಇನ್ನೂ ಇಲ್ಲ ಎನ್ನುತ್ತಲೇ ಇದ್ದಿದ್ದರೆ ಏನಾಗುತ್ತಿತ್ತೋ ಯಾರಿಗೆ ಗೊತ್ತು. ಏನೂ ಆಗುತ್ತಿರಲಿಲ್ಲ, ಇನ್ನೆರಡು ದಿನ ನರಳುತ್ತಿದ್ದರು ಎಂದು ಹಗಲು ಹೊತ್ತಿನಲ್ಲಿ ನನಗೆ ನಾನೇ ಹೇಳಿಕೊಳ್ಳುತ್ತೇನೆ.

ಡಬ್ಬವನ್ನು ಮನೆ ಮುಂದೆ ಇಟ್ಟುಕೊಂಡು ಬದುಕುವುದು ನನ್ನಿಂದಾಗಲಿಲ್ಲ. ಎಷ್ಟೋ ತಿಂಗಳು ಹಾಗೇ ನಿಂತಿತ್ತು. ಅದರ ಹತ್ತಿರ ಹೋದಾಗಲೆಲ್ಲ ಬಾನೆಟ್ಟಿನ ಮೇಲೆ ಕೈಯಿಟ್ಟು ನೋಡುವ ಚಟ ಹತ್ತಿತು. ಒಂದು ಸಲವೂ ಮತ್ತೆ ಬಿಸಿಯಾಗಲಿಲ್ಲ. ಕೊನೆಗೆ ಮಾರುವುದೆಂದು ತೀರ್ಮಾನಿಸಿ ನಯಾಜನಿಗೆ ಹೇಳಿದೆ. ಅವನು ಮಲ್ಲೇಶ್ವರದ ಒಬ್ಬರನ್ನು ಕರೆತಂದ. ಇವರದೇ ವಯಸ್ಸು, ಜೊತೆಗೆ ಹೆಂಡತಿ. ಆಕೆ ಒಳಗೆ ಹತ್ತಿ, ಅಯ್ಯೋ ಸಿಂಕ್ ಎಷ್ಟ್ ಚಿಕ್ಕದು ಎಂದು ನಗುತ್ತಿದ್ದಳು. ಆತ ತಿಳಿದವರ ಹಾಗೆ ಟೈರು ಒದ್ದು ನೋಡಿದರು, ಕೆಳಗೆ ಬಗ್ಗಿ ನೋಡಿದರು, ಬಾನೆಟ್ ಎತ್ತಿ ಆಯಿಲ್ ಕಡ್ಡಿ ಎಳೆದರು.

“ಆಯಿಲ್ ಯಾವಾಗ ಚೇಂಜ್ ಮಾಡ್ಸಿದ್ದಮ್ಮ?”

ನಮ್ಮ ಯಜಮಾನರು ಹೋಗುವ ಕೆಲವು ದಿನ ಮುಂಚೆ ಎಂದೆ.

“ಓ. ಅದಾದ್ಮೇಲೆ ಎಷ್ಟ್ ಓಡಿದೆ?”

ನಯಾಜ್ ನೆಲ ನೋಡುತ್ತ ನಿಂತಿದ್ದ. ನನಗೆ ಕಿವಿ ಮಂದ ಎಂದುಕೊಂಡರೋ ಏನೋ, ಆತ ಅದೇ ಮಾತನ್ನು ಇನ್ನೊಮ್ಮೆ ಜೋರಾಗಿ ಕೇಳಿದರು. ಎಲ್ಲಿಯವರೆಗೆ ಹೋಗಿತ್ತು, ಅಲ್ಲಿ ಮೋಡವಿತ್ತೋ ಬಿಸಿಲಿತ್ತೋ, ಸಮುದ್ರ ಎರಡೂ ಕಡೆ ಕಂಡಿತೋ ಇಲ್ಲವೋ, ಇದಿಷ್ಟನ್ನೇ ನಾನೂ ಕೇಳುತ್ತ ಬಂದಿದ್ದೇನೆ ಎಂದು ಅವರಿಗೆ ಹೇಗೆ ಹೇಳಲಿ?

“ಗೊತ್ತಿಲ್ಲ. ಓಡಿಸಿದೋರ್ನ ಕೇಳ್ಬೇಕಿತ್ತು,” ಎಂದೆ.

ಆತ ಕಡ್ಡಿಯನ್ನು ಬಟ್ಟೆಯಿಂದ ಒರೆಸಿ, ಬಟ್ಟೆಯ ಕಪ್ಪು ಕಲೆಯನ್ನು ಬೆಳಕಿಗೆ ಹಿಡಿದು ನೋಡಿ, ಕಡ್ಡಿಯನ್ನು ಮೊದಲಿದ್ದ ಜಾಗಕ್ಕೆ ಸೇರಿಸಿದರು. “ಹೋಗ್ಲಿ ಬಿಡಿ. ತಗೊಂಡ್ ಹೋಗಿ ಮೊದ್ಲು ಇದನ್ನೆಲ್ಲ ಇಳಿಸಿ ಚೆಲ್ಬಿಡ್ತೀನಿ, ಹೊಸದು ಹಾಕ್ಸೋಣ.”

ಹೂಂ, ಚೆಲ್ಲಿಬಿಡಿ ಎಂದೆ.